ಹಳೆ ಹಂಚಿನ ಮನೆ ಬಿಚ್ಚಿ ಹೊಸದು ಕಟ್ಟಬೇಕು: ಖರ್ಚು ಎಲ್ಲಿ ಇಳಿಸಬಹುದು, ಎಲ್ಲಿ ಇಳಿಸಬಾರದು?

ನೀರ್ಚಾಲು ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ನೀರ್ಚಾಲು ಹತ್ತಿರ ಅಜ್ಜ ಕಟ್ಟಿದ ಹಂಚಿನ ಮನೆ. ಕೆಂಪು ಕಲ್ಲಿನ ಗೋಡೆ, ಮಣ್ಣಿನ ಗಾರೆ. ಎರಡು ಕಡೆ ಗೋಡೆ ಬಿರುಕು ಬಿಟ್ಟಿದೆ. ಪಕ್ಕಾಸುಗಳಿಗೆ (ಹಂಚು ಹೊರುವ ಮರದ ತೊಲೆಗಳಿಗೆ) ಗೆದ್ದಲು ಹಿಡಿದಿದೆ. ರಿಪೇರಿ ಮಾಡುತ್ತಾ ಕೂರುವುದಕ್ಕಿಂತ ಬಿಚ್ಚಿ ಹೊಸದು ಕಟ್ಟುವುದೇ ಸರಿ ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದೇವೆ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಒಟ್ಟು ಐದು ಜನ.

ಪ್ಲಾನ್ ಬರೆಸಿದ್ದೇನೆ. 1,650 ಚದರಡಿ, ಎರಡು ಅಂತಸ್ತು, ಮೇಲೆ ತಾರಸಿ, ಅದರ ಮೇಲೆ ಶೀಟು. ಎಸ್ಟಿಮೇಟ್ ನೋಡಿದರೆ ಕೈಯಲ್ಲಿರುವ ದುಡ್ಡಿಗಿಂತ ತುಂಬಾ ಜಾಸ್ತಿ. ಸ್ವಲ್ಪ ಬ್ಯಾಂಕ್ ಸಾಲ ತೆಗೆಯಬಹುದು. ಆದರೆ ಅಡಿಕೆಯ ಕ್ರಯ ನಂಬಿ ದೊಡ್ಡ ಸಾಲಕ್ಕೆ ಕೈ ಹಾಕಲು ಧೈರ್ಯ ಇಲ್ಲ. ಕಡಿಮೆ ಕ್ರಯದ ಕಬ್ಬಿಣ, ಸಿಮೆಂಟ್ ಹಾಕಿದರೆ ಉಳಿಯುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಜವಾಗಿ ಉಳಿಯುವುದು ಎಲ್ಲಿ? ಕಟ್ಟಿಸಿದವರು, ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಉಪ್ಪಳ ಎಂಜಿನಿಯರ್

ಕಬ್ಬಿಣ, ಸಿಮೆಂಟ್ ಬಿಡಿ. ಅಲ್ಲಿ ಮುಟ್ಟಲೇಬೇಡಿ. ಪಾಯಕ್ಕೆ ಗುದ್ದಲಿ ಬೀಳುವ ಮೊದಲೇ, ಕಾಗದದ ಮೇಲೆ ಉಳಿದದ್ದೇ ನಿಜವಾದ ಉಳಿತಾಯ. ಕೆಲಸ ಶುರುವಾದ ಮೇಲೆ ಚೌಕಾಸಿ ಮಾಡಿದರೆ ಉಳಿಯುವುದು ತುಂಬಾ ಕಡಿಮೆ.

ಮೊದಲು ಅಳತೆ ನೋಡಿ. ಐದು ಜನಕ್ಕೆ 1,650 ಚದರಡಿ ಯಾಕೆ? ಮೂರು ಮಲಗುವ ಕೋಣೆ, ಒಂದು ಹಾಲ್, ಅಡಿಗೆಮನೆ, ಎರಡು ಬಾತ್‌ರೂಮ್, ಎದುರು ಜಗಲಿ. ಇಷ್ಟನ್ನೂ ಸಾವಿರದ ಆಸುಪಾಸಿನಲ್ಲಿ ಚೆನ್ನಾಗಿ ಕೂರಿಸಬಹುದು. ಮೇಲಿನ ಅಂತಸ್ತು ಬಿಟ್ಟರೆ ಮೆಟ್ಟಿಲೂ ಹೋಯಿತು. ಮೆಟ್ಟಿಲು ಎರಡೂ ಅಂತಸ್ತಿನಲ್ಲಿ ಜಾಗ ತಿನ್ನುತ್ತದೆ. ಅದಕ್ಕೆ ಕಾಂಕ್ರೀಟ್, ಕೈಹಿಡಿ, ಟೈಲ್ಸ್, ಮೇಲೆ ಒಂದು ಕೋಣೆಯಷ್ಟು ಮುಚ್ಚಿಗೆ ಎಲ್ಲ ಬೇಕು. ಅಮ್ಮನ ವಯಸ್ಸಿಗೂ ನೆಲದ ಮನೆಯೇ ಅನುಕೂಲ ಅಲ್ವಾ.

ಆಕಾರವೂ ಮುಖ್ಯ. ನಾಲ್ಕು ಮೂಲೆಯ ನೇರ ಮನೆಗೆ ಗೋಡೆ ಕಡಿಮೆ, ಪಾಯ ಕಡಿಮೆ, ಮಾಡು (ಛಾವಣಿ) ಸುಲಭ. ಈಗಿನ ಪ್ಲಾನ್‌ಗಳಲ್ಲಿ ಎದುರಿನಿಂದ ಚಂದ ಕಾಣಲಿ ಅಂತ ಎಂಟು ಹತ್ತು ಮೂಲೆ ತೆಗೆಯುತ್ತಾರೆ. ಪ್ರತಿ ಮೂಲೆಗೂ ಕಲ್ಲು ಕಡಿಯಬೇಕು, ಸಾರಣೆಗೆ (ಪ್ಲಾಸ್ಟರಿಂಗ್) ಕೂಲಿ ಜಾಸ್ತಿ. ಮಾಡಿನಲ್ಲಿ ಎರಡು ಇಳಿಜಾರು ಸೇರುವ ಕಣಿವೆ ಬಂದರೆ ಮಳೆಗಾಲದಲ್ಲಿ ಮೊದಲು ಸೋರುವುದು ಅಲ್ಲೇ. ಅಡಿಗೆಮನೆ, ಬಾತ್‌ರೂಮ್ ಒಂದೇ ಬದಿಗೆ ಬಂದರೆ ಪೈಪಿನ ಉದ್ದ ಕಡಿಮೆಯಾಗುತ್ತದೆ. ಆಮೇಲಿನ ರಿಪೇರಿಯೂ ಸುಲಭ.

ಇನ್ನೊಂದು ವಿಷಯ. ಕೇರಳದಲ್ಲಿ ಕೆಲವು ಅಳತೆಗಳನ್ನು ನೆನಪಿಟ್ಟು ಪ್ಲಾನ್ ಮಾಡಬೇಕು. ಪರ್ಮಿಟ್ ಫೀಸು 2023ರ ಏಪ್ರಿಲ್‌ನಲ್ಲಿ ಏರಿತ್ತು, 2024ರ ಆಗಸ್ಟ್‌ನಲ್ಲಿ ಇಳಿಸಿದರು. ಗ್ರಾಮ ಪಂಚಾಯತಿನಲ್ಲಿ 81ರಿಂದ 150 ಚದರ ಮೀಟರ್ ಮನೆಗೆ ಚದರ ಮೀಟರಿಗೆ 50 ರೂಪಾಯಿ ಇದ್ದದ್ದು 25 ಆಯಿತು. ಅದು ದೊಡ್ಡ ಮೊತ್ತ ಅಲ್ಲ. ಆದರೆ ರೆವಿನ್ಯೂ ಇಲಾಖೆಯ ಒಂದು ಸಲದ ಕಟ್ಟಡ ತೆರಿಗೆ 100 ಚದರ ಮೀಟರ್ ದಾಟಿದ ಮನೆಗೆ ಮಾತ್ರ. ಅಂದರೆ ಸುಮಾರು 1,076 ಚದರಡಿ. ನಿಮ್ಮ ಮನೆ 1,060ರಲ್ಲಿ ಮುಗಿದರೆ ಆ ತೆರಿಗೆ ಇಲ್ಲ. 1,090 ಆದರೆ ಇದೆ. ಕಾರು ನಿಲ್ಲಿಸುವ ಪೋರ್ಚ್ ಈ ಲೆಕ್ಕಕ್ಕೆ ಬರುತ್ತದಾ ಅಂತ ಪ್ಲಾನ್ ಬರೆಯುವವರ ಹತ್ತಿರ ಮೊದಲೇ ಕೇಳಿ.

ಕುಂಬಳೆ, ಈಗ ಶಾರ್ಜಾ

ಎಂಜಿನಿಯರ್ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕಡೆ ಗಲ್ಫ್ ದುಡ್ಡಿನಲ್ಲಿ ಕಟ್ಟಿದ ಎಷ್ಟೋ ದೊಡ್ಡ ಮನೆಗಳಲ್ಲಿ ಮೇಲಿನ ಅಂತಸ್ತು ವರ್ಷವಿಡೀ ಬೀಗ ಹಾಕಿರುತ್ತದೆ. ಅಲ್ಲಿನ ಕಸ ಗುಡಿಸುವುದೇ ಮನೆಯಲ್ಲಿರುವ ಹೆಂಗಸರಿಗೆ ಒಂದು ಕೆಲಸ.

ಅಡೂರಿನ ಅಕ್ಕ

ಕಸದ ಮಾತು ಬಂತಲ್ಲ, ನಾನೂ ಹೇಳುತ್ತೇನೆ. ಈಗ ಎಲ್ಲ ಪ್ಲಾನ್‌ನಲ್ಲೂ ಒಂದು ಚಂದದ ಅಡಿಗೆಮನೆ, ಅದರ ಹಿಂದೆ 'ವರ್ಕ್ ಏರಿಯಾ' ಅಂತ ಇನ್ನೊಂದು. ನಿಜವಾದ ಅಡಿಗೆ ನಡೆಯುವುದು ಹಿಂದಿನದ್ದರಲ್ಲಿ. ಎದುರಿನದ್ದರಲ್ಲಿ ಬರೀ ಚಾ ಕಾಸುತ್ತಾರೆ. ಎರಡಕ್ಕೂ ಸ್ಲ್ಯಾಬ್, ಸಿಂಕ್, ಕಪಾಟು, ನಲ್ಲಿ ಎಲ್ಲ ಬೇಕು. ಅಡಿಗೆಮನೆ ಒಂದೇ ಮಾಡಿ. ಆದರೆ ಅದನ್ನು ದೊಡ್ಡದಾಗಿ, ಗಾಳಿ ಬೆಳಕು ಬರುವ ಹಾಗೆ ಮಾಡಿ. ಕಟ್ಟಿಗೆ ಒಲೆ, ನೀರು ಕಾಯಿಸುವ ಹಂಡೆ ಹೊರಗೆ ಇಳಿಮಾಡಿನ ಅಡಿಯಲ್ಲಿ ಇರಲಿ. ಸೋಗೆ, ತೆಂಗಿನ ಗರಿ, ಸಿಪ್ಪೆ ಎಲ್ಲ ತೋಟದಲ್ಲೇ ಸಿಗುವಾಗ ಆ ಒಲೆ ಬೇಕೇ ಬೇಕು.

ಮತ್ತೆ, ಪ್ಲಾನನ್ನು ಹೆಂಡತಿ ಮತ್ತು ಅಮ್ಮನ ಎದುರಿಗಿಟ್ಟು ಮಾತಾಡಿ. ಸುಣ್ಣದ ಪುಡಿಯಲ್ಲಿ ಅಂಗಳದಲ್ಲೇ ಕೋಣೆಗಳ ಗೆರೆ ಹಾಕಿ, ಒಳಗೆ ಮಂಚ, ಮೇಜು ಇಟ್ಟು ನೋಡಿ. ಹತ್ತು ಅಡಿ ಅಂದರೆ ಎಷ್ಟು ಅಂತ ಕಾಗದದಲ್ಲಿ ಗೊತ್ತಾಗುವುದಿಲ್ಲ. ಕಟ್ಟಿದ ಮೇಲೆ ಬಾಗಿಲು ಆ ಕಡೆ ಬೇಕಿತ್ತು ಅಂತ ಒಡೆಸುವುದರಲ್ಲಿ ಹೋಗುವ ದುಡ್ಡಿಗೆ ಲೆಕ್ಕವೇ ಇಲ್ಲ.

ಮುಳ್ಳೇರಿಯ ಮೇಸ್ತ್ರಿ

ಅಕ್ಕ ಹೇಳಿದ್ದು ನೂರು ಮಾತಿಗೆ ಒಂದು ಮಾತು. ಒಡೆದು ಕಟ್ಟುವ ಕೆಲಸಕ್ಕೆ ಎರಡು ಕೂಲಿ.

ನೀರ್ಚಾಲು ಅಣ್ಣನಿಗೆ ಒಂದು ದೊಡ್ಡ ಲಾಭ ಇದೆ. ಅದನ್ನು ಯಾರೂ ಹೇಳಲಿಲ್ಲ. ಗೋಡೆ ಮಣ್ಣಿನ ಗಾರೆಯದ್ದು ಅಂದಿರಿ. ಹಾಗಾದರೆ ಕಲ್ಲು ಇಡಿಯಾಗಿ ಬಿಚ್ಚಿ ಬರುತ್ತದೆ. ಸಿಮೆಂಟಿನಲ್ಲಿ ಕಟ್ಟಿದ್ದಾದರೆ ಬಿಚ್ಚುವಾಗ ಅರ್ಧಕ್ಕರ್ಧ ತುಂಡಾಗುತ್ತದೆ. ಕೆಂಪು ಕಲ್ಲು ಗುಂಡಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ನಿಮ್ಮ ಅಜ್ಜನ ಕಾಲದ ಕಲ್ಲು ಈಗ ಬರುವ ಹೊಸ ಕಲ್ಲಿಗಿಂತ ಗಟ್ಟಿ ಇರಬಹುದು. ಬೇಕಲ ಕೋಟೆ ನೋಡಿ. ಇಡೀ ಕೋಟೆ ಇದೇ ಕಲ್ಲು, ಸಮುದ್ರದ ಗಾಳಿಗೆ, ಮಳೆಗೆ ಮುನ್ನೂರು ವರ್ಷಕ್ಕಿಂತ ಜಾಸ್ತಿ ನಿಂತಿದೆ.

ಬಿಚ್ಚಿದ ಕಲ್ಲನ್ನು ಕತ್ತಿಯ ಹಿಂಬದಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಒಳ್ಳೆಯದು. ಮಂಕಾಗಿ ಶಬ್ದ ಬಂದರೆ, ಬಿಳಿ ಜೇಡಿಯ ಕಣ್ಣುಗಳು ಜಾಸ್ತಿ ಇದ್ದರೆ ಅದನ್ನು ಗೋಡೆಗೆ ಹಾಕಬೇಡಿ, ಪಂಚಾಂಗದ (ಪಾಯದ ಮೇಲಿನ ಕಟ್ಟೆಯ) ಒಳಗೆ ತುಂಬಲು ಹಾಕಿ. ಹಳೆ ಕಲ್ಲಿನ ಅಳತೆ ಒಂದೇ ಸಮ ಇರುವುದಿಲ್ಲ. ಅದಕ್ಕೆ ಹಳೆಯದೆಲ್ಲ ಒಂದು ಬದಿಯ ಗೋಡೆಗೆ, ಮಿಶಿನ್‌ನಲ್ಲಿ ಕಡಿದ ಹೊಸದು ಉಳಿದ ಗೋಡೆಗೆ ಅಂತ ಬೇರೆ ಮಾಡಿಟ್ಟರೆ ಕೆಲಸ ಬೇಗ ಸಾಗುತ್ತದೆ. ಮಿಶಿನ್ ಕಲ್ಲಿಗೆ ಗಾರೆ ತೆಳ್ಳಗೆ ಸಾಕು.

ಪೈವಳಿಕೆ ಮಾಸ್ಟ್ರು

ಮೇಸ್ತ್ರಿಯವರು ಕಲ್ಲಿನ ಮಾತು ಹೇಳಿದರು, ನಾನು ಮಾಡಿನ ಮಾತು ಹೇಳುತ್ತೇನೆ. ನೀರ್ಚಾಲು ಅವರೇ, ನಿಮ್ಮ ಪ್ಲಾನ್‌ನಲ್ಲಿ ನನಗೆ ಅತಿ ಹೆಚ್ಚು ಬೇಸರ ತಂದ ಸಾಲು 'ತಾರಸಿ, ಅದರ ಮೇಲೆ ಶೀಟು'. ಇದು ಎರಡು ಮಾಡು. ಒಂದೇ ಮನೆಗೆ ಎರಡು ಮಾಡಿನ ಖರ್ಚು. ನಮ್ಮ ಜಿಲ್ಲೆಯಲ್ಲಿ ಮೂರು ಮೀಟರಿಗೂ ಮೀರಿ ಮಳೆ ಬೀಳುತ್ತದೆ. ಚಪ್ಪಟೆ ತಾರಸಿ ಸೋರುತ್ತದೆ ಅಂತ ಗೊತ್ತಿದ್ದೇ ಅದರ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟು ಹಾಕುತ್ತೇವೆ. ಹಾಗಾದರೆ ಮೊದಲೇ ಇಳಿಜಾರಿನ ಮಾಡು ಯಾಕೆ ಮಾಡಬಾರದು?

ಹಂಚು ನಮ್ಮದೇ ಊರಿನದ್ದು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆ ಹಂಚು ಈ ಕರಾವಳಿಯ ಮಳೆಗೆ ಹೇಳಿ ಮಾಡಿಸಿದ್ದು. ನಿಮ್ಮ ಹಳೆ ಮಾಡಿನ ಹಂಚು ಚೆನ್ನಾಗಿದ್ದರೆ ತೊಳೆದು ಮತ್ತೆ ಹಾಕಬಹುದು.

ತಾರಸಿಯೇ ಬೇಕು ಅಂತಿದ್ದರೆ ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಮಾಡಿ ತೋರಿಸಿದ ಫಿಲ್ಲರ್ ಸ್ಲ್ಯಾಬ್ ನೋಡಿ. ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬದುಕಿ ಕೆಲಸ ಮಾಡಿದ್ದು ನಮ್ಮ ದೇಶದಲ್ಲಿ. 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು. ಆಸುಪಾಸಿನಲ್ಲಿ ಸಿಗುವ ಸಾಮಾನಿನಿಂದ, ಬೇಡದ್ದನ್ನು ಬಿಟ್ಟು ಕಟ್ಟುವುದೇ ಅವರ ದಾರಿ. ಸ್ಲ್ಯಾಬಿನ ಮೇಲಿನ ಭಾಗದ ಕಾಂಕ್ರೀಟ್ ಒತ್ತಡ ತಡೆಯುತ್ತದೆ. ಕೆಳಗಿನ ಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟಿಗೆ ಕಬ್ಬಿಣವನ್ನು ಹಿಡಿದಿಡುವುದು ಬಿಟ್ಟರೆ ಜಾಸ್ತಿ ಕೆಲಸ ಇಲ್ಲ. ಅದಕ್ಕೆ ಸರಳುಗಳ ನಡುವಿನ ಜಾಗದಲ್ಲಿ ಹಳೆ ಹಂಚನ್ನು ಒಂದರ ಮೇಲೆ ಒಂದು ಕವುಚಿ ಇಟ್ಟು ಕಾಂಕ್ರೀಟ್ ಹಾಕುತ್ತಾರೆ. ಕಾಂಕ್ರೀಟ್ ಉಳಿಯುತ್ತದೆ, ಸ್ಲ್ಯಾಬಿನ ಭಾರ ಇಳಿಯುತ್ತದೆ, ಹಂಚಿನ ನಡುವೆ ಗಾಳಿ ಇರುವುದರಿಂದ ಸೆಕೆಯೂ ಕಡಿಮೆ.

ಮುಳ್ಳೇರಿಯ ಮೇಸ್ತ್ರಿ

ಮಾಸ್ಟ್ರೇ, ಹೇಳಿದ್ದು ಸರಿ. ಆದರೆ ಹಂಚು ಬಿಟ್ಟು ಜನ ತಾರಸಿಗೆ ಯಾಕೆ ಹೋದರು ಅಂತಲೂ ನೋಡಬೇಕು. ಒಂದು ಮಂಗ. ತೋಟದ ಬದಿಯ ಮನೆಯಲ್ಲಿ ಹಂಚು ಉಳಿಯುವುದಿಲ್ಲ, ಗುಂಪು ಬಂದರೆ ಒಂದೇ ಹೊತ್ತಿನಲ್ಲಿ ಮಾಡು ಹಾಳು. ಎರಡು, ತೆಂಗಿನಕಾಯಿ ಬೀಳುವುದು. ಮೂರು, ವರ್ಷಕ್ಕೊಮ್ಮೆ ಮಾಡು ಹತ್ತಿ ಕಸ ತೆಗೆದು ಹಂಚು ಸರಿಮಾಡುವ ಜನ ಈಗ ಸಿಗುವುದಿಲ್ಲ. ಇನ್ನು ಅಡಿಕೆಯವರಿಗೆ ಶೀಟಿನ ಅಡಿಯ ತಾರಸಿ ತುಂಬಾ ಉಪಯೋಗ. ಅಕಾಲದ ಮಳೆ ಬಂದರೆ ಅಡಿಕೆ ಎಲ್ಲಿ ರಾಶಿ ಹಾಕುವುದು?

ಪೈವಳಿಕೆ ಮಾಸ್ಟ್ರು

ಒಪ್ಪಿದೆ. ಅಡಿಕೆಗೆ ಜಾಗ ಬೇಕೇ ಬೇಕು. ಆದರೆ ಅದಕ್ಕೆ ಮನೆಯ ತಲೆ ಮೇಲೆ ಕಬ್ಬಿಣ ಏರಿಸುವುದಕ್ಕಿಂತ ಅಂಗಳದ ಬದಿಯಲ್ಲಿ ಪಾರದರ್ಶಕ ಶೀಟಿನ ಸೋಲಾರ್ ಮನೆ ಮಾಡಿದರೆ ಅಡಿಕೆ ಬೇಗ ಒಣಗುತ್ತದೆ. ಮೂಟೆ ಹೊತ್ತು ಮೆಟ್ಟಿಲು ಹತ್ತುವ ಕೂಲಿಯೂ ಇಲ್ಲ.

ಉಪ್ಪಳ ಎಂಜಿನಿಯರ್

ಇಬ್ಬರೂ ಹೇಳುವುದರಲ್ಲಿ ಹುರುಳಿದೆ. ಲೆಕ್ಕ ನೋಡೋಣ. ಸಾವಿರ ಚದರಡಿಗೆ ಐದು ಇಂಚು ದಪ್ಪದ ಸ್ಲ್ಯಾಬ್ ಅಂದರೆ ಸುಮಾರು 417 ಘನ ಅಡಿ, ಹನ್ನೆರಡು ಘನ ಮೀಟರಿನ ಹತ್ತಿರ. ಎಂ-20 ದರ್ಜೆಯ ಕಾಂಕ್ರೀಟಿನ ಒಂದು ಘನ ಮೀಟರಿಗೆ ಸುಮಾರು ಎಂಟು ಚೀಲ ಸಿಮೆಂಟ್. ಅಂದರೆ ಸ್ಲ್ಯಾಬಿಗೇ 95 ಚೀಲ. ಫಿಲ್ಲರ್ ಹಾಕಿ ಆರರಲ್ಲಿ ಒಂದು ಪಾಲು ಕಾಂಕ್ರೀಟ್ ಕಡಿಮೆಯಾದರೂ 16 ಚೀಲ ಸಿಮೆಂಟ್, ಅದಕ್ಕೆ ತಕ್ಕ ಜಲ್ಲಿ, ಹೊಯಿಗೆ (ಮರಳು) ಉಳಿಯಿತು. ಆದರೆ ಇದನ್ನು ಗೊತ್ತಿಲ್ಲದ ಕೆಲಸದವರ ಕೈಯಲ್ಲಿ ಮಾಡಿಸಬೇಡಿ. ಹಂಚಿನ ಸಾಲು ಸರಳಿಗೆ ತಾಗಿದರೆ, ನಡುವೆ ಕಾಂಕ್ರೀಟ್ ಇಳಿಯದಿದ್ದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಸರಳಿನ ಅಂತರವನ್ನು ಎಂಜಿನಿಯರ್ ಬರೆದು ಕೊಡಬೇಕು. ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲಿ (ಕಡಿಮೆ ಖರ್ಚಿನ ಕಟ್ಟಡದ ಸರ್ಕಾರಿ ಕೇಂದ್ರ) ವಿಚಾರಿಸಿ.

ಮಂಗನ ಕಾಟ ಜಾಸ್ತಿ ಇರುವ ಕಡೆ ಇಳಿಜಾರಾಗಿಯೇ ಫಿಲ್ಲರ್ ಸ್ಲ್ಯಾಬ್ ಹಾಕುವುದು ನನಗೆ ಸರಿ ಕಾಣುತ್ತದೆ. ನೀರು ನಿಲ್ಲುವುದಿಲ್ಲ, ಮೇಲೆ ಇನ್ನೊಂದು ಮಾಡು ಬೇಡ. ಸೂರು ಮಾತ್ರ ಗೋಡೆಯಿಂದ ಎರಡೂವರೆ ಅಡಿಯಾದರೂ ಹೊರಗೆ ಬರಲಿ. ಆಗ ಹೊರಗಿನ ಕಲ್ಲಿಗೆ ಸಾರಣೆಯೇ ಬೇಡ. ಕಲ್ಲಿನ ಸಂದಿಗೆ ಮಾತ್ರ ಗಾರೆ ತುಂಬಿ ಪಾಯಿಂಟಿಂಗ್ ಮಾಡಿ ಬಿಡಿ. ಸಾರಣೆ, ಪುಟ್ಟಿ, ಪೇಂಟ್ ಮೂರೂ ಉಳಿಯಿತು. ಕೆಲವು ವರ್ಷಕ್ಕೊಮ್ಮೆ ಮತ್ತೆ ಪೇಂಟ್ ಮಾಡಿಸುವ ಖರ್ಚೂ ಇಲ್ಲ. ಗಾಳಿ ಮಳೆ ನೇರ ಬಡಿಯುವ ಪಡುವಣ ಗೋಡೆಗೆ ಮಾತ್ರ ಸಾರಣೆ ಮಾಡಿಸಿ.

ಮಂಜೇಶ್ವರದವ

ಸಾಮಾನು ಮಂಗಳೂರಿನಿಂದ ತಂದರೆ ಕಡಿಮೆಗೆ ಸಿಗುತ್ತದಾ?

ಕುಂಬಳೆ, ಈಗ ಶಾರ್ಜಾ

ಟೈಲ್ಸ್, ಬಾತ್‌ರೂಮ್ ಸಾಮಾನು, ಸ್ವಿಚ್ಚು ಇಂಥವಕ್ಕೆ ಅಲ್ಲಿ ಆಯ್ಕೆ ಜಾಸ್ತಿ. ಭಾರದ ಸಾಮಾನಿಗೆ ಲಾರಿ ಬಾಡಿಗೆ ಸೇರಿಸಿ ನೋಡಿ. ಒಡೆದದ್ದು ಬಂದರೆ ವಾಪಸ್ ಕೊಡಲು ಹತ್ತಿರದ ಅಂಗಡಿಯೇ ಸುಲಭ. ಬಿಲ್ ಇಲ್ಲದೆ ಏನೂ ತರಬೇಡಿ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಬಿಲ್‌ನಲ್ಲಿ ಅದು ಕಾಣಬೇಕು.

ಕಂಟ್ರಾಕ್ಟ್ ಬಗ್ಗೆ ಒಂದು ಮಾತು. ನನ್ನ ತಮ್ಮನ ಮನೆ ಫುಲ್ ಕಂಟ್ರಾಕ್ಟ್ ಕೊಟ್ಟಿದ್ದೆವು. ಕಾಗದದಲ್ಲಿ 'ಒಳ್ಳೆ ಕಂಪನಿಯ ಕಬ್ಬಿಣ' ಅಂತ ಇತ್ತು, ಯಾವ ಕಂಪನಿ ಅಂತ ಇರಲಿಲ್ಲ. ಸ್ಲ್ಯಾಬ್ ಆದ ಮೇಲೆ ಕಂಟ್ರಾಕ್ಟುದಾರ ಬಾಕಿ ದುಡ್ಡಿನಲ್ಲಿ ಮುಕ್ಕಾಲು ಪಾಲು ಕೇಳಿದ. ಕೊಟ್ಟ ಮೇಲೆ ಕೆಲಸ ಕುಂಟಿತು, ಒಂದು ಮಳೆಗಾಲ ಹಾಗೇ ಹೋಯಿತು. ದೂರದಲ್ಲಿ ಇರುವವರು ಇದರಿಂದ ಎಷ್ಟು ಕಷ್ಟ ಪಡುತ್ತಾರೆ ಅಂತ ನನಗೆ ಗೊತ್ತು. ಪಂಚಾಂಗ, ಲಿಂಟಲ್, ಸ್ಲ್ಯಾಬ್, ಸಾರಣೆ, ನೆಲ ಅಂತ ಹಂತ ಬರೆಯಿಸಿ. ಹಂತ ಮುಗಿದ ಮೇಲೆ ಮಾತ್ರ ಆ ಹಂತದ ದುಡ್ಡು. ನೀವು ಊರಲ್ಲೇ ಇದ್ದೀರಿ. ಸಾಮಾನು ನೀವೇ ತಂದು ಕೊಟ್ಟು ಕೂಲಿ ಮಾತ್ರ ಕಂಟ್ರಾಕ್ಟ್ ಕೊಡಿ. ಓಡಾಟ ಜಾಸ್ತಿ, ಆದರೆ ಏನು ಹಾಕಿದ್ದಾರೆ ಅಂತ ನಿಮ್ಮ ಕಣ್ಣಿಗೆ ಕಾಣುತ್ತದೆ.

ನೀರ್ಚಾಲು ತೋಟ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ನಿರೀಕ್ಷೆ ಮಾಡಿರಲಿಲ್ಲ. ಅಮ್ಮನಿಗೆ ಓದಿ ಹೇಳಿದೆ. ಮೇಲಿನ ಅಂತಸ್ತು ಬೇಡ ಅಂತ ಮೊದಲು ಹೇಳಿದ್ದು ಅವರೇ. ಎರಡು ಪ್ರಶ್ನೆ. ಕಬ್ಬಿಣ ಸರಿ ಇದೆಯಾ ಅಂತ ನನ್ನಂಥವನು ಹೇಗೆ ನೋಡುವುದು? ಜಾಗ ಇಳಿಜಾರಿನಲ್ಲಿದೆ, ಹಿಂದೆ ಇನ್ನಷ್ಟು ದರೆ (ಗುಡ್ಡದ ಬದಿಯ ಮಣ್ಣು) ಕಡಿದು ಸಮ ಮಾಡಬೇಕಾ?

ಉಪ್ಪಳ ಎಂಜಿನಿಯರ್

ಕಬ್ಬಿಣಕ್ಕೆ ಸುಲಭ ಲೆಕ್ಕ ಇದೆ. ಸರಳಿನ ದಪ್ಪವನ್ನು ಎಂಎಂನಲ್ಲಿ ತೆಗೆದುಕೊಂಡು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರಿನ ಕಿಲೋ ಸಿಗುತ್ತದೆ. 12 ಎಂಎಂ ಸರಳು ಹನ್ನೆರಡು ಮೀಟರ್ ಉದ್ದಕ್ಕೆ ಸುಮಾರು 10.7 ಕಿಲೋ ಇರಬೇಕು, 8 ಎಂಎಂ ಆದರೆ ಸುಮಾರು 4.7. ನಿಯಮದ ಪ್ರಕಾರ 12ರದ್ದು ನೂರಕ್ಕೆ ಐದು, 8ರದ್ದು ನೂರಕ್ಕೆ ಏಳು ಹೆಚ್ಚು ಕಡಿಮೆ ಇರಬಹುದು. ಅದಕ್ಕಿಂತ ಕಡಿಮೆ ತೂಗಿದರೆ ಬೇಡ ಅನ್ನಿ. ತೂಕದಲ್ಲೇ ಖರೀದಿಸಿ, ಸರಳಿನ ಲೆಕ್ಕದಲ್ಲಿ ಬೇಡ.

ದರೆ ದಯವಿಟ್ಟು ಕಡಿಯಬೇಡಿ. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಕಲ್ಲಿದ್ದರೂ ಕೆಳಗೆ ಜೇಡಿ ಇರುತ್ತದೆ. ಕಡಿದ ದರೆ ಮಳೆಗೆ ಕುಸಿದು ಮನೆಗೇ ಬೀಳುವುದನ್ನು ಪ್ರತಿ ಮಳೆಗಾಲ ನೋಡುತ್ತಿದ್ದೇವೆ. ಕಡಿದರೆ ಜೆಸಿಬಿ ಬಾಡಿಗೆ, ಮಣ್ಣು ಹೊರಗೆ ಸಾಗಿಸಲು ಅನುಮತಿ, ಆಮೇಲೆ ತಡೆಗೋಡೆ. ಒಂದು ಕೋಣೆಯ ದುಡ್ಡು ಅಲ್ಲೇ ಮುಗಿಯುತ್ತದೆ. ಹಳೆ ಮನೆಯ ಜಾಗದಲ್ಲೇ, ಹಳೆ ಪಂಚಾಂಗದ ಮಟ್ಟಕ್ಕೆ ಹೊಂದಿಸಿ ಹೊಸದನ್ನು ಕೂರಿಸಿ. ಜಾಗ ಸಾಲದಿದ್ದರೆ ಅಡಿಗೆಮನೆಯ ಭಾಗವನ್ನು ಎರಡು ಮೆಟ್ಟಿಲು ಕೆಳಗಿಡಿ. ಹಳೆ ಪಂಚಾಂಗವನ್ನು ಹಾಗೇ ಬಳಸಬಹುದಾ ಅಂತ ಒಂದು ಮೂಲೆ ಅಗೆದು ನೋಡಿದ ಮೇಲೆಯೇ ಹೇಳಬಹುದು. ಬಿರುಕು ಬಂದದ್ದು ಪಾಯ ಕುಸಿದು ಅಂತಾದರೆ ಬೇಡ.

ಅಡೂರಿನ ಅಕ್ಕ

ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಕಾಂಕ್ರೀಟಿಗೆ ನೀರು ಹಾಕುವುದು ಬೇಸಿಗೆಯಲ್ಲಿ. ಬಾವಿ ಬತ್ತಿದರೆ ಟ್ಯಾಂಕರ್ ತರಿಸಬೇಕು. ನಮ್ಮ ಕಡೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಇದ್ದವರಿಗೆ ಪರವಾಗಿಲ್ಲ. ಇಲ್ಲದವರು ಮಳೆ ಮುಗಿದ ಕೂಡಲೇ ಶುರು ಮಾಡಿ, ಬಾವಿಯಲ್ಲಿ ನೀರು ಇರುವಾಗಲೇ ಗೋಡೆ, ಸ್ಲ್ಯಾಬ್ ಮುಗಿಸಬೇಕು.

ಮುಳ್ಳೇರಿಯ ಮೇಸ್ತ್ರಿ

ಹೌದು ಅಕ್ಕ. ಈಗ ಹೆಚ್ಚಿನವರು ತರುವುದು ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್. ಅದಕ್ಕೆ ಹತ್ತು ದಿವಸವಾದರೂ ಒಣಗಲು ಬಿಡದೆ ನೀರು ಹಾಕಬೇಕು. ಸ್ಲ್ಯಾಬಿನ ಮೇಲೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಇಳಿಜಾರಾದರೆ ಗೋಣಿ ಹಾಸಿ ಒದ್ದೆ ಇಡಿ. ಕಲಸುವಾಗ ಮಾತ್ರ ನೀರು ಕಡಿಮೆ ಇರಬೇಕು, ಒಂದು ಚೀಲಕ್ಕೆ 25 ಲೀಟರಿನ ಆಸುಪಾಸು. ಸುರಿಯಲು ಸುಲಭ ಅಂತ ಕೆಲಸದವರು ಜಾಸ್ತಿ ಹಾಕುತ್ತಾರೆ. ಹತ್ತಿರ ನಿಂತು ನೋಡಿ. ಕಡಲ ಬದಿಯ ಹೊಯಿಗೆ ಯಾರಾದರೂ ಕಡಿಮೆಗೆ ಕೊಡುತ್ತೇನೆ ಅಂದರೆ ಬೇಡ. ಅದರ ಉಪ್ಪು ಕಬ್ಬಿಣ ತಿನ್ನುತ್ತದೆ. ಒಳ್ಳೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಸಾಕು.

ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ದಿನ) ಮೊದಲು ಮಾಡು ಮುಗಿಯಬೇಕು. ಒಳಗಿನ ಕೆಲಸ ಮಳೆಗಾಲದಲ್ಲಿ ನಿಧಾನಕ್ಕೆ ಮಾಡಬಹುದು, ದುಡ್ಡು ಬಂದ ಹಾಗೆ.

ನೀರ್ಚಾಲು ತೋಟ

ಹಳೆ ಮನೆಯ ದಾರಂದ (ಬಾಗಿಲ ಚೌಕಟ್ಟು), ಬಾಗಿಲು ಹಲಸಿನದ್ದು. ಎದುರು ಬಾಗಿಲಿಗೆ ಗೆದ್ದಲು ಹಿಡಿದಿಲ್ಲ. ತೋಟದಲ್ಲಿ ಇನ್ನೊಂದು ದೊಡ್ಡ ಹಲಸಿನ ಮರವೂ ಇದೆ.

ಮುಳ್ಳೇರಿಯ ಮೇಸ್ತ್ರಿ

ಹಳೆ ದಾರಂದ ಬಿಸಾಡಬೇಡಿ ಅಣ್ಣ. ಅಷ್ಟು ಒಣಗಿದ ಹಲಸಿನ ತಿರುಳು ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಎದುರು ಬಾಗಿಲನ್ನು ಹಾಗೇ ಹಾಕಿ. ಅದರ ಅಳತೆಯನ್ನು ಈಗಲೇ ಎಂಜಿನಿಯರಿಗೆ ಕೊಡಿ. ಗೆದ್ದಲು ತಿಂದ ಪಕ್ಕಾಸಿನಲ್ಲೂ ಗಟ್ಟಿ ಉಳಿದ ಭಾಗ ಇರುತ್ತದೆ, ಆಚಾರಿಯವರಿಗೆ ತೋರಿಸಿದರೆ ಕಿಟಕಿಗೆ ಬರುವುದನ್ನು ಬೇರೆ ಮಾಡಿ ಕೊಡುತ್ತಾರೆ. ತೋಟದ ಮರ ಕಡಿಯುವುದಾದರೆ ಈಗಲೇ ಕಡಿದು ಮಿಲ್ಲಿನಲ್ಲಿ ಸಿಗಿಸಿ, ನೆರಳಿನಲ್ಲಿ ನಡುವೆ ರೀಪು (ತೆಳು ಮರದ ಪಟ್ಟಿ) ಇಟ್ಟು ಒಟ್ಟಿ. ಬಿಳಿ ಭಾಗ ತೆಗೆಸಿ, ಅದಕ್ಕೆ ಕುಟ್ಟೆ (ಮರ ಕೊರೆಯುವ ಹುಳು) ಹಿಡಿಯುತ್ತದೆ. ಹಸಿ ಮರದ ದಾರಂದ ಇಟ್ಟರೆ ಬೇಸಿಗೆಯಲ್ಲಿ ಸೊಟ್ಟ ಆಗಿ ಬಾಗಿಲು ಕೂರುವುದಿಲ್ಲ.

ಬಿಚ್ಚುವಾಗ ಜೆಸಿಬಿ ತರಬೇಡಿ. ಕೈಯಲ್ಲೇ ಬಿಚ್ಚಿಸಿ, ಮೊದಲು ಹಂಚು, ಆಮೇಲೆ ಮರ, ಕೊನೆಗೆ ಕಲ್ಲು. ಕೂಲಿ ಸ್ವಲ್ಪ ಜಾಸ್ತಿ ಆಗುತ್ತದೆ, ಸಾಮಾನು ಉಳಿಯುವುದರಲ್ಲಿ ಅದು ವಾಪಸ್ ಬರುತ್ತದೆ. ಹಂಚನ್ನು ಮಲಗಿಸಿ ರಾಶಿ ಹಾಕಿದರೆ ಕೆಳಗಿನದ್ದು ಒಡೆಯುತ್ತದೆ. ಸಾಲಾಗಿ ನಿಲ್ಲಿಸಿ ಇಡಿ, ಒಡೆದ ತುಂಡುಗಳನ್ನೂ ಬೇರೆ ಇಡಿ. ಬಾತ್‌ರೂಮಿನ ನೆಲಕ್ಕೆ ತುಂಬಲು ಬೇಕಾಗುತ್ತದೆ. ಮಳೆ ನಿಂತ ಮೇಲೆ ಒಂದು ದಿವಸ ಫೋನ್ ಮಾಡಿ ಹೇಳಿ, ಬಂದು ಗೋಡೆ, ಪಾಯ ನೋಡಿ ಹೋಗುತ್ತೇನೆ.